ಮಾವನ ದವಡೆ ಹಲ್ಲು

ಇವತ್ತು ಬೆಳಿಗ್ಗೆ ಹೆಂಡತಿ ಮಸಾಲೆಗೆಂದು ಲವಂಗ ಹುರಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಲಬುರ್ಗಾ ಕಡೆಯ ನಮ್ಮ ಸೋದರಮಾವ ಕಣ್ಣ ಮುಂದೆ ಬಂದು ನಿಂತ. ಲವಂಗ ಅಂದರೆ ನಿಮಗೆ ಪಲಾವು ನೆನಪಾದೀತು. ನಮ್ಮ ಮನೆತನದವರಿಗೆ ನೆನಪಾಗುವುದು ಹಲ್ಲುನೋವು.

ಮಾವ ಒಕ್ಕಲುತನದವ, ಆದರೆ ಹೊಲಕ್ಕಿಂತ ಹೆಚ್ಚು ಉತ್ತದ್ದು ಬೇರೆಯವರ ತಲೆಯನ್ನು. ಮದುವೆ, ಮೇವು, ಜ್ವರ, ಯಾವುದಕ್ಕೂ ಅವನ ಸಲಹೆ ತಯಾರು. ಹಲ್ಲುನೋವೆಂದು ಯಾರೇ ಬರಲಿ, ಲವಂಗ ಕೈಗಿಟ್ಟು, "ಕೀಳಿಸೀಯಪಾ ಮತ್ತ! ದವಡಿ ಹಲ್ಲು ಕಿತ್ತರ ಕಣ್ಣು ಹೋಗ್ತಾವು," ಅನ್ನುತ್ತಿದ್ದ. ಊರಿನ ಹುಳುಕು ಹಲ್ಲುಗಳೆಲ್ಲ ಅವನ ಕೃಪೆಯಿಂದಲೇ ಬದುಕಿದ್ದವು. ಕೊಪ್ಪಳದಲ್ಲಿ ಸರ್ಕಾರಿ ನೌಕರಿ ಮಾಡುವ, ನಾಲ್ಕಕ್ಷರ ಓದಿದ ನನ್ನದೂ ಒಂದು ಅವುಗಳಲ್ಲಿತ್ತು ಅನ್ನಿ.

ಹೋದ ವರ್ಷ ಮಾವನ ಹಲ್ಲೇ ಅವನಿಗೆ ತಿರುಗಿಬಿತ್ತು. ಲವಂಗ ಆಯಿತು, ಉಪ್ಪಿನ ಶಾಖ ಆಯಿತು. ಗಲ್ಲದ ಬಾವು ಗದ್ದದ ಕೆಳಗಿಳಿದು ಕೊರಳು ಕಟ್ಟಿಗೆಯಂತಾಯಿತು. ಬಾಯಿ ತೆರೆಯಲಾಗದು, ಜೊಲ್ಲು ನುಂಗಲಾಗದು, ಮಲಗಿದರೆ ಉಸಿರು ಕಟ್ಟುವುದು. ಅತ್ತೆ ಫೋನು ಮಾಡಿ, "ನಿಮ್ಮ ಮಾವ ಮುಂಜಾನಿಂದ ಒಂದ ಮಾತೂ ಆಡಿಲ್ಲಪಾ," ಅಂದಳು. ಅಷ್ಟು ಸಾಕಿತ್ತು. ಕಾರು ಮಾಡಿಕೊಂಡು ಊರಿಗೆ ಓಡಿ ಇಬ್ಬರನ್ನೂ ಹತ್ತಿಸಿಕೊಂಡು ಬಂದೆ.

ಕೊಪ್ಪಳದ ದವಾಖಾನೆಯಲ್ಲಿ ಡಾಕ್ಟರಮ್ಮ ಅವನ ಗದ್ದದ ಕೆಳಗೆ ಒತ್ತಿ ನೋಡಿದರು. "ಹಲ್ಲಿನ ಕೀವು ನಾಲಿಗಿ ಬುಡಕ್ಕ, ಅಲ್ಲಿಂದ ಕೊರಳಿಗೆ ಇಳದೈತ್ರಿ. ಉಸಿರಿನ ದಾರಿ ಮುಚ್ಚಾಕತ್ತೈತಿ. ಮೊದಲ ಕೊರಳಾಗ ತೂತು ಮಾಡಿ ಉಸಿರಿಗೆ ನಳಿಗಿ ಹಾಕಬೇಕು, ಆಮ್ಯಾಲೆ ಕೊಯ್ದು ಕೀವು ತೆಗೀಬೇಕು. ತಡಾ ಮಾಡಂಗಿಲ್ಲ. ಏನಂತೀರಿ?"

ಮಾವ ಎರಡೂ ಕೈ ಬೀಸಿ ಬೇಡವೆಂದ. ನಾನು ರೂಢಿಯಂತೆ ಅವನ ಮುಖ ನೋಡಿದೆ. ಡಾಕ್ಟರಮ್ಮ ಅತ್ತೆಯ ಮುಖ ನೋಡಿದರು.

ಅತ್ತೆ ಸೆರಗು ಬಿಗಿದು ಮಾವನ ಎದುರಿಗೆ ಬಂದು ನಿಂತಳು. "ಇಷ್ಟು ವರ್ಷ ನೀವು ಹೇಳಿದ್ದು ನಾ ಕೇಳೀನಿ. ಇವತ್ತ ನೀವು ಕೇಳ್ರಿ," ಅಂದವಳೇ ಡಾಕ್ಟರಮ್ಮನ ಕಡೆ ತಿರುಗಿ, "ಮಾಡ್ರಿ ಯವ್ವಾ," ಅಂದಳು. ಮಾವ ಅವಳನ್ನೇ ನೋಡಿದ. ಬೀಸುತ್ತಿದ್ದ ಕೈ ಮೆಲ್ಲಗೆ ಕೆಳಗಿಳಿಯಿತು.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಅತ್ತೆ ಬೆಂಚಿನ ಮೇಲೆ ಕೂತಳು. "ನನ್ನ ಮಾತಿನಿಂದನ ಏನರ ಆದ್ರ?" ಎಂದಳು. ನೀರು ತಂದುಕೊಟ್ಟೆ.

ಮಾವ ಉಳಿದ. ಕೀವು ಹೋಯಿತು, ಹಲ್ಲು ಹೋಯಿತು, ಅಷ್ಟು ದಿನ ಗೊತ್ತೇ ಇರದ ಸಕ್ಕರೆ ಕಾಯಿಲೆ ಸಿಕ್ಕಿತು. ಕಣ್ಣು ಮಾತ್ರ ಇದ್ದಲ್ಲೇ ಇದ್ದವು. ಕೊರಳಲ್ಲಿ ನಳಿಗೆ ಇರುವ ತನಕ ಮಾತಿಲ್ಲ. ನೋಡಲು ಬಂದವರೆಲ್ಲ ಈ ಸುಸಂಧಿ ಬಿಡದೆ ಸಲಹೆ ಕೊಟ್ಟರು. "ಲವಂಗ ಇಟ್ಟು ನೋಡಿದ್ರೇನ್ರಿ?" ಎಂದು ಒಬ್ಬ ಕಳಕಳಿಯಿಂದ ಕೇಳಿದಾಗ ಮಾವ ಗೋಡೆಯ ಕಡೆ ಮುಖ ತಿರುಗಿಸಿದ.

ನಳಿಗೆ ತೆಗೆದು ಗಾಯ ಕೂಡಿದ ಮೇಲೆ ಒಡಕು ದನಿಯಲ್ಲಿ ಅವನಾಡಿದ ಮೊದಲ ಮಾತು: "ಅವತ್ತ ನಿನ್ನ ಯಾರು ಕೇಳಿದ್ರು?"

ಅತ್ತೆ ಗಂಜಿ ಆರಿಸುತ್ತಿದ್ದಳು. "ಡಾಕ್ಟರ್ ಕೇಳಿದ್ರು. ಮನ್ಯಾಗ ಯಾರೂ ಕೇಳಿದ್ದಿಲ್ಲ."

ಈಗ ಮಾವನ ದನಿ ಮರಳಿದೆ, ಸಲಹೆಗಳೂ ಮರಳಿವೆ. ಕೊರಳಿನ ಕಲೆ ತೋರಿಸಿ ಹಲ್ಲುನೋವಿನವರನ್ನೆಲ್ಲ ದವಾಖಾನೆಗೆ ಅಟ್ಟುತ್ತಾನೆ. ಗಟ್ಟಿ ಹಲ್ಲಿನವರೂ ಅವನೆದುರು ಬಾಯಿ ತೆರೆಯಲು ಅಂಜುತ್ತಾರೆ. ಇಷ್ಟೆಲ್ಲ ನೆನಪಾಗಿ ಫೋನು ಮಾಡಿದೆ. ಈ ಸಲ ಹೊಲಕ್ಕೆ ತೊಗರಿಯೋ ಸಜ್ಜೆಯೋ ಎಂದು ಕೇಳಿದೆ. "ತಡಿ," ಅಂದ. ದನಿ ಫೋನಿನಿಂದ ದೂರವಾಗಿ ಅತ್ತೆಯ ಕಡೆ ತಿರುಗಿತು. "ಏನ ಹಾಕೂಣಂತಿ?"

ಅತ್ತೆ ಭಾಳ ಹೊತ್ತು ಮಾತಾಡಿದಳು. ನಾನು ಫೋನು ಹಿಡಿದೇ ಕೂತೆ. ನಡುವೆ ಮಾವನ ದನಿ ಒಮ್ಮೆಯೂ ಬರಲಿಲ್ಲ.