ಬಲೆ ಹಾಕುತ್ತಿದ್ದ ಹಡಗು

ಅಜ್ಜನಿಗೆ ಸ್ನಾನ ಮಾಡಿಸಿದೆ, ಗಡ್ಡ ಬೋಳಿಸಿದೆ, ಹಾಸಿಗೆಯ ಬಟ್ಟೆ ಮೆಷಿನ್ನಿಗೆ ಹಾಕಿದೆ, ಸಂಜೆಗೆ ಕುಂಬಳಕಾಯಿ ಹೆಚ್ಚಿಟ್ಟೆ, ಉಣ್ಣೆಯ ಅಂಗಿಗಳನ್ನು ಸೂಟ್‌ಕೇಸಿನಲ್ಲಿ ಜೋಡಿಸಿದೆ. ಕ್ರಾನ್‌ಬರ್ನ್‌ನ ಆ ಮನೆಯಲ್ಲಿ ಅದು ಅವರ ಕೊನೆಯ ದಿನ. ಮರುದಿನ ಅಜ್ಜನ ಮಗಳು ಅವರನ್ನು ಸಿಡ್ನಿಯ ವೃದ್ಧಾಶ್ರಮಕ್ಕೆ ಕರೆದೊಯ್ಯುವವಳಿದ್ದಳು. ವಯಸ್ಸಾದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿಗೆ ಎರಡು ವರ್ಷದಿಂದ ಹೋಗುತ್ತಿದ್ದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಜ್ಜ ನೌಕಾಪಡೆಯ ಬಲೆ ಹಾಕುವ ಹಡಗಿನಲ್ಲಿದ್ದರು. ಬಲೆ ಎಂದರೆ ಉಕ್ಕಿನ ತಂತಿಯದು. ಶತ್ರುಗಳ ಸಬ್‌ಮರೀನ್ ನುಸುಳದಂತೆ ಬಂದರಿನ ಬಾಯಿಗೆ ಅಡ್ಡ ಇಳಿಬಿಡುವುದು. ಸಿಡ್ನಿಯಲ್ಲಿ ಕೆಲಸ ಕಲಿತು ಆಮೇಲೆ ಉತ್ತರದ ಒಂದು ಬಂದರಿಗೆ ಹೋದರಂತೆ. ಹಾಕಿದರೆ ಮುಗಿಯಲಿಲ್ಲ. ಎತ್ತಬೇಕು, ಅಂಟಿದ ಚಿಪ್ಪು ಕೆರೆಯಬೇಕು, ತುಕ್ಕು ಹಿಡಿದ ತಂತಿ ಬದಲಿಸಬೇಕು, ಮತ್ತೆ ಇಳಿಸಬೇಕು. ಆ ತುದಿ ಮುಗಿಯುವಾಗ ಈ ತುದಿಗೆ ಚಿಪ್ಪು.

"ಮೀನೇ ಹಿಡಿಯದ ಬಲೆಗೆ ಅಷ್ಟು ದೊಡ್ಡ ಹಡಗಾ ಮಾರಾಯ್ತಿ?" ಎಂದಿದ್ದರು ನನ್ನ ಗಂಡ, ಮನೆಯಲ್ಲಿ ಇದನ್ನು ಹೇಳಿದಾಗ. "ನಮ್ಮ ಮಲ್ಪೆಯಲ್ಲಿ ಹೇಳ್ಬೇಡ, ನಗಾಡ್ತಾರೆ."

ಆ ಹಡಗಿನ ಕತೆಯನ್ನು ಮಗಳು ಒಮ್ಮೆಯಾದರೂ ಪೂರ್ತಿ ಕೇಳಬೇಕು ಎಂಬುದು ಅಜ್ಜನ ಆಸೆ. ನೆನಪು ದಿನದಿನಕ್ಕೆ ಸವೆಯುತ್ತಿತ್ತು.

ಮಧ್ಯಾಹ್ನ ಮಗಳು ಬಂದಳು, ಪ್ರಯಾಣದಿಂದ ಸೋತಿದ್ದಳು. ಫೋನನ್ನು ರೆಕಾರ್ಡಿಗೆ ಹಾಕಿ ಮೇಜಿನ ಮೇಲಿಟ್ಟು, "ಹೇಳು ಡ್ಯಾಡ್" ಎಂದಳು. ಕತೆ ಉತ್ತರದ ಬಂದರು ಮುಟ್ಟುವ ಹೊತ್ತಿಗೆ ತಡೆದಳು.

"ಅದೆಲ್ಲ ಸರಿ, ಕೊನೆಗೆ ಎಷ್ಟು ಸಬ್‌ಮರೀನ್ ಸಿಕ್ಕಿತು?"

"ಒಂದೂ ಇಲ್ಲ."

ಅಜ್ಜ ಕಿಟಕಿಯ ಕಡೆ ತಿರುಗಿದರು. ಕತೆ ಅರ್ಧಕ್ಕೇ ನಿಂತಿತು.

ನಮ್ಮಪ್ಪ ಮೀನು ಹಿಡಿಯಲು ಹೋಗಿ ಕಡಲಿನಿಂದ ಬಂದಾಗ ಏನು ಸಿಕ್ಕಿತು ಎಂದು ಮನೆಯಲ್ಲಿ ಯಾರೂ ಕೇಳುವಂತಿರಲಿಲ್ಲ. ಕೇಳಿದರೆ ನಾಳೆಯದೂ ಹೋಗುತ್ತದೆ ಎಂದು ಅಮ್ಮ ಗದರುತ್ತಿದ್ದಳು. ಬಲೆ ಎಲ್ಲಿ ಹರಿಯಿತು ಎಂದು ಕೇಳಬಹುದಿತ್ತು, ಅಷ್ಟೇ. ಆ ಅಭ್ಯಾಸದಿಂದ ನಾನೂ ಅಜ್ಜನಲ್ಲಿ ಒಮ್ಮೆಯೂ ಏನು ಸಿಕ್ಕಿತು ಎಂದು ಕೇಳಿರಲಿಲ್ಲ.

ಕುಂಬಳಕಾಯಿ ಬೇಯಲಿಟ್ಟು ಬಂದು, "ಅಲ್ಲಿ ಬಲೆ ಹೆಚ್ಚು ಹರಿಯುತ್ತಿದ್ದದ್ದು ಎಲ್ಲಿ?" ಎಂದೆ.

ಅಜ್ಜ ಈ ಕಡೆ ತಿರುಗಿ, "ನಡುವಿನಲ್ಲಿ" ಎಂದರು. "ಸೆಳೆತ ಅಲ್ಲೇ. ಈ ಬೆರಳು ನೋಡು, ತಂತಿ ಕೊಯ್ದದ್ದು."

ಮಗಳು ಬಗ್ಗಿ ನೋಡಿದಳು. "ಗ್ಯಾರೇಜಿನ ಬಾಗಿಲಿಗೆ ಸಿಕ್ಕಿದ್ದು ಅಂತ ಮಮ್ ಹೇಳ್ತಿದ್ದಳಲ್ಲ?"

"ನಿಮ್ಮಮ್ಮ ಎಲ್ಲವನ್ನೂ ಗ್ಯಾರೇಜಿನ ತಲೆಗೇ ಕಟ್ಟುತ್ತಿದ್ದಳು."

ಮಗಳು ನಕ್ಕಳು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಅವಳು ತಡೆಯಲಿಲ್ಲ. ಯುದ್ಧ ಮುಗಿದ ಮೇಲೆ ಹಾಕಿದ್ದನ್ನೆಲ್ಲ ಅವರೇ ಎತ್ತಿದರಂತೆ. ಹಡಗನ್ನು ಸಿಡ್ನಿಗೆ ತಂದು ಕಟ್ಟಿಹಾಕಿದರು, ಕೆಲವು ವರ್ಷ ಬಿಟ್ಟು ಗುಜರಿಗೆ ಕೊಟ್ಟರು.

"ಒಡೆಯುವ ಮುಂಚೆ ಹೋಗಿ ನೋಡಿದ್ಯಾ ಡ್ಯಾಡ್?"

"ಇಲ್ಲ. ರಜೆ ಸಿಗಲಿಲ್ಲ."

ಕತೆ ಅಲ್ಲಿಗೆ ಮುಗಿಯಿತು. ಮೂವರೂ ಕುಂಬಳಕಾಯಿ ಸೂಪು, ಬೆಣ್ಣೆ ಸವರಿದ ಬ್ರೆಡ್ಡು ತಿಂದೆವು. ಅಜ್ಜ ಎರಡನೆಯ ಸಲ ಸೂಪು ಕೇಳಿ ಹಾಕಿಸಿಕೊಂಡರು, ಅದು ಪೂರ್ತಿಯಾಗುವ ಮೊದಲೇ ಕುರ್ಚಿಯಲ್ಲೇ ನಿದ್ದೆ ಹೋದರು.