ತಾಯಿಯ ನಾಣ್ಯಕ್ಕೆ ಹಿಡಿದ ಭೂತಗನ್ನಡಿ

ನನ್ನ ಗಂಡ ಖಮೈಸ್‌ಗೆ ನಯವಾದ ಮಾತು ಬರುತ್ತಿರಲಿಲ್ಲ. ಬಂದಿದ್ದರೆ ಅವರ ಹಳೇ ನಾಣ್ಯದ ಅಂಗಡಿ ಟ್ಯೂನಿಸ್‌ನ ಕೆಂಪು ಟೋಪಿ ಮಾಡುವವರ ಬೀದಿಯ ಆ ಗೂಡಿನಲ್ಲೇ ಯಾಕೆ ಉಳಿಯುತ್ತಿತ್ತು? ಯಾರಾದರೂ, "ಟಂಕಸಾಲೆಯಲ್ಲೇ ತಪ್ಪು ಅಚ್ಚು ಬಿದ್ದಿದೆ, ಇಂಥದ್ದು ಇನ್ನೊಂದಿಲ್ಲ" ಎಂದು ಹಿಗ್ಗುತ್ತ ಬಂದರೆ, ಭೂತಗನ್ನಡಿ ಕಣ್ಣಿಗಿಟ್ಟು, "ಮಣ್ಣು ತಿಂದಿದೆ ಕಣಪ್ಪ, ತಗೊಂಡ್ಹೋಗು" ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಡುತ್ತಿದ್ದರು.

ನನಗೂ ಕಲಿಸಿದ್ದರು, ಬೇಸಿಗೆಯ ಮಧ್ಯಾಹ್ನ ಪುದೀನಾ ಚಹಾ ಹೀರುತ್ತ. ಅಚ್ಚು ಬಿರುಕುಬಿಟ್ಟು ಬಂದ ಗೆರೆ ಉಬ್ಬಿ ನಿಂತಿರುತ್ತದೆ, ಆಮೇಲೆ ಬಿದ್ದ ಗೀರು ಒಳಕ್ಕೆ ಇಳಿದಿರುತ್ತದೆ. ಉಪ್ಪುನೀರು ತಿಂದ ನಾಣ್ಯದ ಮೈ ಸಿಡುಬಿನ ಕಲೆಯ ಹಾಗೆ ಗುಳಿ ಗುಳಿ. ಅಯ್ಯೋ, ಆ ಮಧ್ಯಾಹ್ನಗಳನ್ನು ಈಗ ಎಲ್ಲಿಂದ ತರಲಿ!

ಇದೇ ವಿದ್ಯೆಯಿಂದ ನಮ್ಮ ಮದುವೆ ಮುರಿದುಬೀಳುವುದರಲ್ಲಿತ್ತು.

ನಿಶ್ಚಿತಾರ್ಥಕ್ಕೆ ಅವರು ತಂದ ಬುಟ್ಟಿಯಲ್ಲಿ ಗೋರಂಟಿ, ಬಾದಾಮಿಗಳ ಜೊತೆ ತಮ್ಮ ತೀರಿಹೋದ ತಾಯಿಯ ಬೆಳ್ಳಿ ನಾಣ್ಯವಿತ್ತು. ಅಕ್ಷರದ ಮೇಲೆ ಅಕ್ಷರ ಕೂತಿದ್ದ ನಾಣ್ಯ. ಟಂಕಸಾಲೆಯವರ ಕೈತಪ್ಪಿನಿಂದ ಹಾಗೆ ಹುಟ್ಟಿದ್ದು, ಅದೃಷ್ಟದ್ದು ಎಂದು ಆ ತಾಯಿ ಕೊನೆಯವರೆಗೂ ಹೇಳುತ್ತಿದ್ದರಂತೆ. ಊರವರ ನಾಣ್ಯಗಳನ್ನೆಲ್ಲ ಜಾಲಾಡಿದ ಈ ಮನುಷ್ಯ, ಹೆತ್ತವಳ ಮಾತನ್ನು ಪರೀಕ್ಷೆ ಮಾಡುವುದುಂಟೇ ಎಂದು ಅದೊಂದನ್ನು ಮಾತ್ರ ನೋಡಿರಲಿಲ್ಲ.

ನಮ್ಮ ಸೋದರತ್ತೆ ಮಹರ್ಜಿಯಾಳ ಕಣ್ಣು ನೇರ ಅದರ ಮೇಲೇ ಬಿತ್ತು.

"ಸುತ್ತಿಗೆ ಏಟು ತಿಂದ ನಾಣ್ಯ ತಂದಿದ್ದೀಯಲ್ಲಪ್ಪ! ಇದನ್ನ ಕೊರಳಿಗೆ ಹಾಕ್ಕೊಂಡ ಹುಡುಗಿ ಗಂಡನ ಮನೇಲಿ ಏಟೇ ತಿನ್ನೋದು. ನಮ್ಮಲ್ಲಿ ಇದು ನಡೆಯಲ್ಲ."

"ಇಲ್ಲಮ್ಮ, ಅದು ಹುಟ್ಟಿದ್ದೇ ಹಾಗೆ" ಎಂದರು ಇವರು.

ಅಪ್ಪ ಇಬ್ಬರ ಮುಖವನ್ನೂ ನೋಡಿದರು. "ಜಗಳ ಯಾಕೆ? ನೀನೇ ಬಲ್ಲವನು. ನೋಡಿ ಹೇಳಪ್ಪ. ಹುಟ್ಟಿದ್ದೇ ಹಾಗೆ ಅಂದ್ರೆ ಮಾತು ಮುಗೀತು."

ಬಾಗಿಲ ಮರೆಯಲ್ಲಿ ನಾನು ಮೈಯೆಲ್ಲ ಕಿವಿಯಾಗಿ ನಿಂತಿದ್ದೆ. ಹೂಂ ಅನ್ನು ಮಾರಾಯ, ಒಂದು ಸಲ ಹೂಂ ಅಂದುಬಿಡು! ಇವರು ಜೇಬಿನಿಂದ ಭೂತಗನ್ನಡಿ ತೆಗೆದು ನಾಣ್ಯ ನೋಡಿದರು, ತಿರುಗಿಸಿ ಮತ್ತೆ ನೋಡಿದರು.

"ಏಟೇ ಇದು" ಎಂದರು. "ಮೇಲಿನ ಅಕ್ಷರ ಎಲ್ಲ ತಿರುಗುಮುರುಗು, ಒಳಕ್ಕೆ ಇಳಿದಿವೆ. ಇನ್ನೊಂದು ನಾಣ್ಯ ಮೇಲಿಟ್ಟು ಬಡಿದಿದ್ದಾರೆ. ಹಿಂದುಗಡೆ ಚಪ್ಪಟೆಯಾಗಿದೆ ನೋಡಿ. ಅಮ್ಮಂಗೆ ಯಾರೋ ಮೋಸ ಮಾಡಿದ್ದಾರೆ." ಅವರ ಕಣ್ಣು ತುಂಬಿತ್ತು.

ನನಗೆ ಕನಿಕರ ಬರಲಿಲ್ಲ, ಮೈಯೆಲ್ಲ ಉರಿಯಿತು. ಎಂಥ ಪೆದ್ದನಪ್ಪ ಇವನು!

"ಅವನ ಬಾಯಲ್ಲೇ ಬಂತಲ್ಲ, ಬುಟ್ಟಿ ವಾಪಸ್ ಕೊಡು" ಎಂದಳು ಅತ್ತೆ. ಇವರು ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

"ಕೂತ್ಕೊಳೋ" ಎಂದು ಅಪ್ಪ ಗದರಿದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಅಕ್ಕಾ, ಮಗಳು ಹೇಗಿದ್ದಾಳೆ ಅಂತ ಯಾವ ಅಳಿಯನ್ನ ಕೇಳಿದ್ರೂ ಚೆನ್ನಾಗಿದ್ದಾಳೆ ಅಂತಾನೆ. ಇವನು ಹೇಳಿದ್ರೆ ನಾನು ನಂಬಬಹುದು" ಎಂದರು.

ಮದುವೆಯಾಯಿತು. ಅಪ್ಪ ಅಂಗಡಿಗೆ ಬಂದಾಗಲೆಲ್ಲ ಇವರನ್ನೇ ಕೇಳುತ್ತಿದ್ದರು, "ದಲೀಲಾ ಹೇಗಿದ್ದಾಳೆ?" ಚೆನ್ನಾಗಿದ್ದಾಳೆ ಎಂಬ ಉತ್ತರ ಸಿಕ್ಕಿದ ಮೇಲೇ ಚಹಾ ಮುಟ್ಟುತ್ತಿದ್ದರು.

ನನ್ನ ಮೊದಲ ಮಗು ತೀರಿಹೋದ ವರ್ಷ ನಾನು ಎಲ್ಲರ ಮುಂದೆ ನಗುತ್ತಲೇ ಓಡಾಡಿದೆ. ಒಳಗಿನ ಸಂಕಟ ನನ್ನ ತಾಯಿಗೂ ಗೊತ್ತಾಗಲಿಲ್ಲ. ಅಪ್ಪ ಅಂಗಡಿಗೆ ಬಂದು ಎಂದಿನಂತೆ ಕೇಳಿದಾಗ ಇವರು ಅಂದರಂತೆ:

"ಚೆನ್ನಾಗಿಲ್ಲ ಮಾವ. ಕರ್ಕೊಂಡ್ಹೋಗಿ, ಸ್ವಲ್ಪ ದಿನ ನಿಮ್ಮ ಹತ್ರ ಇಟ್ಕೊಳ್ಳಿ."

ಆ ಸಂಜೆಯೇ ಅಪ್ಪ ಬಂದು ನನ್ನ ಕೈ ಹಿಡಿದುಕೊಂಡರು. ಆಗ ನಾನು ಬಾಯಿಬಿಟ್ಟು ಅತ್ತುಬಿಟ್ಟೆ.