ಸಾಕ್ಷಿಯಮ್ಮನ ಕಷ್ಟದ ದಾಸ್ತಾನು

ಟೈಲರ್ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕುವ ಆ ಹೆಂಗಸಿಗೆ ಚರ್ಚಿನವರು ಇಟ್ಟ ಹೆಸರು ಸಾಕ್ಷಿಯಮ್ಮ. ಹೆಸರಿನಲ್ಲಿ ಅರ್ಧ ಗೌರವ, ಅರ್ಧ ಕೀಟಲೆ. ಬೈಬಲ್ ಅವಳಿಗೆ ಬಾಯಿಪಾಠ. ಕೈಯಲ್ಲಿ ಸೂಜಿ ಓಡುತ್ತಿದ್ದರೆ ತುಟಿಯಲ್ಲಿ ವಚನ ಓಡುತ್ತಿತ್ತು. ಪ್ರಸಂಗಪೀಠ ಹತ್ತಿ ನಾಲ್ಕು ಮಾತು ಬೋಧಿಸಬೇಕೆಂಬ ಆಸೆ ಮದುವೆಗೆ ಮುಂಚಿನಿಂದಲೂ ಇತ್ತು. ದೇವರೇ ಕರೆದಿದ್ದಾನೆ ಎಂದು ನಂಬಿದ್ದಳು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆ ಗಾದೆ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೂ ಬರುತ್ತದೆ.

"ಹೆಂಗಸರು ಪ್ರಸಂಗ ಮಾಡೋ ಹಾಗಿಲ್ಲಮ್ಮ," ಎಂದಿದ್ದರು ಸಭೆಯ ಪಾದ್ರಿ, ಅಯ್ಯನವರು. "ಸಾಕ್ಷಿ ಹೇಳಿ, ಯಾರು ಬೇಡ ಅಂತಾರೆ? ನಿಮ್ಮ ಮನೇಲಿ ಬಂದ ಕಷ್ಟ, ದೇವರು ಮಾಡಿದ ಉಪಕಾರ, ಅಷ್ಟು ಹೇಳಿ ಕೂತ್ಕೊಳ್ಳಿ."

ಗಂಡಸಾದರೆ ಹೊಟ್ಟೆ ತುಂಬ ತಿಂದು ಬಂದು ಬೈಬಲಿನ ಯೋಬನ ಕಷ್ಟದ ಬಗ್ಗೆ ಒಂದು ಗಂಟೆ ಕೊರೆಯಬಹುದು. ಹೆಂಗಸಿಗೆ ಬಾಯಿ ತೆರೆಯಲು ಸ್ವಂತ ಗಾಯವೇ ಬೇಕು. ಆಗಲಿ ಎಂದು ಅವಳು ಕಷ್ಟದ ಬಾಲಕ್ಕೆ ಬೋಧನೆಯನ್ನು ಕಟ್ಟಿ ತರತೊಡಗಿದಳು. ಮೊದಲು ಗಂಡನ ಕುಡಿತ. ಆಮೇಲೆ ಅವನ ಸಾವು. ಅದಾದ ಮೇಲೆ ತನ್ನ ಎದೆಯಲ್ಲಿ ಎದ್ದ ಗಂಟು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಸಭೆಯ ಹಿರಿಯರೊಬ್ಬರು, ಅವಳು ವಚನ ಬಿಡಿಸಿ ಹೇಳಲು ಶುರುಮಾಡಿದ ಕೂಡಲೇ ಕೆಮ್ಮುತ್ತಿದ್ದರು. "ಕಷ್ಟಕ್ಕೆ ಬನ್ನಿ ಅಕ್ಕಾ," ಎನ್ನುತ್ತಿದ್ದರು. ಜನ ಅಳುತ್ತಿದ್ದಾಗ ಮಾತ್ರ ಆ ಕೆಮ್ಮು ಬರುತ್ತಿರಲಿಲ್ಲ.

ಹಾಳಾದ್ದು, ಕಾಲ ಒಳ್ಳೆಯದಾಯಿತು. ಆಪರೇಷನ್ ಆಗಿ ಗಂಟು ಹೋಯಿತು. ಮಗಳಿಗೆ ಔಷಧದಂಗಡಿಯಲ್ಲಿ ಕೆಲಸ ಸಿಕ್ಕಿತು, ಅದೇ ಸಭೆಯ ಹುಡುಗನೊಬ್ಬನ ಜೊತೆ ಮದುವೆಯೂ ಗೊತ್ತಾಯಿತು. ಸಾಕ್ಷಿಯಮ್ಮನಿಗೆ ಸಂತೋಷವಾಗದೆ ಇರಲಿಲ್ಲ, ಆದರೆ ಬಾಯಿಗೆ ಬೀಗ ಬಿತ್ತು. ಅಯ್ಯನವರು ಭಾನುವಾರ ಭಾನುವಾರವೂ ವಚನಗಳ ಕತ್ತು ಹಿಸುಕುವುದನ್ನು ಕೇಳುತ್ತಾ ಒಳಗೊಳಗೇ ಬೇಯುತ್ತಿದ್ದಳು.

ಪುನರುತ್ಥಾನದ ಭಾನುವಾರ ಬಂತು. ಮಗ್ದಲದ ಮರಿಯಳ ಬಗ್ಗೆ ಹೇಳಬೇಕೆಂದು ಅವಳು ವರ್ಷಗಳಿಂದ ಕಾದಿದ್ದಳು. ಸಮಾಧಿಯಿಂದ ಎದ್ದ ಯೇಸು ಮೊದಲು ಮಾತಾಡಿಸಿದ್ದು ಒಬ್ಬ ಹೆಂಗಸನ್ನು. ಹೋಗಿ ಶಿಷ್ಯರಿಗೆ ಹೇಳು ಎಂದು ಕಳಿಸಿದ್ದೂ ಅವಳನ್ನೇ. ಗಂಡಸರೆಲ್ಲ ಹೆದರಿ ಬಾಗಿಲು ಹಾಕಿಕೊಂಡಿದ್ದರು. ಇದನ್ನು ಒಮ್ಮೆ ಹೇಳದೆ ಸತ್ತರೆ ಜನ್ಮ ದಂಡ ಅನ್ನಿಸಿತ್ತು. ಹೇಳುವುದಕ್ಕೆ ಇಲ್ಲದ್ದು ಕಷ್ಟವೊಂದೇ.

ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದ ಮಗಳು ತಾಯಿಯ ಮುಖ ನೋಡಿ ಗುಮಾನಿಪಟ್ಟಳು. "ಅಮ್ಮಾ, ಚಿಕ್ಕವಳಿದ್ದಾಗ ನನಗೆ ಮೂರ್ಛೆ ಬರ್ತಿತ್ತಲ್ಲ, ಅದನ್ನ ಅಲ್ಲಿ ಎತ್ತಬೇಡ. ಹುಡುಗನಿಗೆ ಹೇಳಿದೀನಿ. ಅವರಮ್ಮನಿಗೆ ಸಮಯ ನೋಡ್ಕೊಂಡು ಅವನೇ ಹೇಳ್ತಾನೆ."

"ನನಗೇನು ಹುಚ್ಚೇನೇ?" ಎಂದಳು ತಾಯಿ. ಆ ಗಳಿಗೆಯಲ್ಲಿ ಅವಳು ಸುಳ್ಳು ಹೇಳಿರಲಿಲ್ಲ.

ಚರ್ಚಿನಲ್ಲಿ ಎದ್ದು ನಿಂತು ಮರಿಯಳ ಹೆಸರೆತ್ತಿದಳು. ಹಿರಿಯರು ಕೆಮ್ಮಿದರು. ಅವಳು ಮುಂದುವರಿಸಿದಳು. ಅವರು ಇನ್ನೊಮ್ಮೆ ಕೆಮ್ಮಿ, "ಈ ಸಲ ಕಷ್ಟ ಏನಕ್ಕಾ? ಇಲ್ಲದಿದ್ರೆ ಕೂತ್ಕೊಳ್ಳಿ," ಎಂದರು.

"ನನ್ನ ಮಗಳಿಗೆ ಮೂರ್ಛೆರೋಗ ಇತ್ತು," ಎಂದಳು ಸಾಕ್ಷಿಯಮ್ಮ.

ಕೆಮ್ಮು ನಿಂತಿತು. ಹೆಂಗಸರ ಬೆಂಚಿನಲ್ಲಿ ಹುಡುಗನ ತಾಯಿ ಕತ್ತು ತಿರುಗಿಸಿದಳು. ಬಾಯಲ್ಲಿ ನೊರೆ, ಕಚ್ಚಿಹೋದ ನಾಲಿಗೆ, ಒದ್ದೆಯಾದ ಲಂಗ, ಒಂದನ್ನೂ ಬಿಡದೆ ಹೇಳಿದಳು ಸಾಕ್ಷಿಯಮ್ಮ. ಜನ ಕಣ್ಣೊರೆಸಿಕೊಳ್ಳುತ್ತಿದ್ದಂತೆ ಮರಿಯಳ ಕಡೆಗೆ ಹೊರಳಿ ಮನಸ್ಸು ತುಂಬುವಷ್ಟು ಬೋಧಿಸಿದಳು. ಅಂಥ ಬೋಧನೆಯನ್ನು ಆ ಸಭೆ ಅಯ್ಯನವರ ಬಾಯಿಂದ ಒಂದು ದಿನವೂ ಕೇಳಿರಲಿಲ್ಲ. ಮಗಳು ಮಾತ್ರ ನೆಲ ನೋಡುತ್ತಾ ಕೂತಿದ್ದಳು.

ಸಂಜೆಗೆ ಸಂಬಂಧ ಬೇಡವೆಂದು ಹುಡುಗನ ಮನೆಯಿಂದ ಫೋನ್ ಬಂತು. ಹುಡುಗನೂ ತಾಯಿಯ ಸೆರಗು ಹಿಡಿದ. ಮಗಳು ಅಳಲಿಲ್ಲ, ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು.

"ಬೇರೆ ದಾರಿ ಇರಲಿಲ್ಲ ಕಣೇ," ಎಂದಳು ತಾಯಿ. "ಅವರು ನನ್ನ ಮಾತಾಡೋಕೆ ಬಿಡಲ್ಲ."

"ಅವರು ಬಿಡಲ್ಲ ಅಂತ ನನ್ನ ಕೊಟ್ಟುಬಿಟ್ಟೆಯಾ? ಅಪ್ಪನ ಮಾನ ತೆಗೆದಾಗ ನಾನು ಸುಮ್ನಿದ್ದೆ. ನಿನಗೆ ಇನ್ನು ಹೇಳೋಕೆ ಯಾರೂ ಉಳಿದಿಲ್ಲಮ್ಮ."

ಹೋದವಳು ಮತ್ತೆ ಫೋನನ್ನೂ ಎತ್ತಲಿಲ್ಲ. ತಾಯಿಯನ್ನು ಬೈಯುವವರು ಬೈಯಲಿ. ಆದರೆ ಮೊದಲ ಬೈಗುಳ ಮುಂದಿನ ಬೆಂಚಿಗೆ ಸಲ್ಲಬೇಕು.

ಮುಂದಿನ ಭಾನುವಾರ ಅದೇ ಹಿರಿಯರು ಚರ್ಚಿನ ಬಾಗಿಲಲ್ಲಿ ಅವಳ ಕೈ ಹಿಡಿದುಕೊಂಡರು. "ಮಗಳು ಮನೆ ಬಿಟ್ಟಳಂತೆ, ಪಾಪ. ಇವತ್ತು ಸಾಕ್ಷಿ ಹೇಳಿ ಅಕ್ಕಾ. ಎಷ್ಟು ಹೊತ್ತಾದ್ರೂ ಪರವಾಗಿಲ್ಲ."

ಅವರ ಮುಖಕ್ಕೆ ಉಗಿಯಬೇಕೆನ್ನಿಸಿತು, ಉಗಿಯಲಿಲ್ಲ. ಹಾಡು ಮುಗಿದ ಮೇಲೆ ಎದ್ದು ನಿಂತು, "ನನ್ನ ಮಗಳು," ಎಂದು ಶುರುಮಾಡಿದಳು. ಸಭೆ ಕಿವಿಯಾಗಿ ಕೂತಿತು. ಅಷ್ಟರಲ್ಲೇ ತಕ್ಕ ವಚನವೊಂದು ತಾನಾಗಿ ನಾಲಿಗೆಗೆ ಬಂತು. ಬಂತಲ್ಲ ಎಂದು ಅವಳಿಗೆ ಸಂತೋಷವಾಯಿತು.